ಕನಮಡಿಯ ಪೇಟಿಗೊಂದು ಬೆರಳು

ವಿಜಯಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಆಗಲೇ ಒಂದು ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಚಾಪೆಯ ಮೇಲೆ ಕುಳಿತ ನೀಲಾ, ಬಿಚ್ಚಿಟ್ಟ ಹಾರ್ಮೋನಿಯಂನಿಂದ ಹಿತ್ತಾಳೆಯ ರೀಡ್ ಒಂದನ್ನು ತೆಗೆದು ಸಣ್ಣ ಅರದಿಂದ ಕೆರೆಯುತ್ತಾರೆ, ಬಾಯಿಗಿಟ್ಟು ಊದುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಗೀರು ಹೆಚ್ಚಾಯಿತೋ, ಮತ್ತೆ ಮೊದಲಿನಿಂದ ಶುರು.

"ಬಸ್ಸು, ಟಂಟಂ ಶುರು ಆದ್ವಂದ್ರ ನನ್ನ ಕೆಲಸ ಮುಗೀತು ನೋಡ್ರಿ. ಆಮ್ಯಾಲ ತಿದಿಗೆ ತ್ಯಾಪಿ ಹಚ್ಚೂದು, ಮೊಳಿ ಬಡಿಯೂದು, ಅಷ್ಟ. ಕಿವಿ ಕೆಲಸ ಏನಿದ್ರೂ ನಸುಕಿನ್ಯಾಗ," ಎನ್ನುತ್ತಾರೆ.

ಈ ಸೀಮೆಯಲ್ಲಿ ಹಾರ್ಮೋನಿಯಂ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಪೇಟಿ. ಟಿಕೋಟಾ, ಬಬಲೇಶ್ವರದ ಕಡೆ ಯಾವ ಊರಿನ ಪೇಟಿ ಕೆಮ್ಮಿದರೂ ಟವೆಲಿನಲ್ಲಿ ಸುತ್ತಿಕೊಂಡು ನೀಲಾ ಅವರ ಹತ್ತಿರವೇ ತರುತ್ತಾರೆ. ಗುಡಿಯ ಪೇಟಿ, ಬುದ್ಧ ವಿಹಾರದ ಪೇಟಿ, ನಾಟಕದವರ ಪೇಟಿ, ಎಲ್ಲವೂ ಇಲ್ಲಿ ಒಂದೇ ಸಾಲಿನಲ್ಲಿ ತಮ್ಮ ಪಾಳಿ ಕಾಯುತ್ತವೆ. ಹಾಡಿದವರಿಗೆ ಹಾರ ಬೀಳುತ್ತದೆ, ನುಡಿಸಿದವರಿಗೆ ಶಾಲು ಸಿಗುತ್ತದೆ, ರೀಡ್ ಕೆರೆದವರ ಹೆಸರು ಮಾತ್ರ ಯಾವ ಕರಪತ್ರದಲ್ಲೂ ಬರುವುದಿಲ್ಲ. ನೀಲಾ ಅದನ್ನು ತಲೆಗೆ ಹಚ್ಚಿಕೊಂಡವರಲ್ಲ.

ಆದರೆ ಇವತ್ತು ಅವರು ಒಂದೊಂದು ರೀಡನ್ನೂ ಎರಡೆರಡು ಸಲ ಊದಿ ನೋಡುತ್ತಿದ್ದಾರೆ. ಮುಂದಿರುವುದು ತವರೂರು ಕನಮಡಿಯ ಹಾಡಿನ ಮೇಳದ ಪೇಟಿ. ನಾಳೆ ಬುದ್ಧ ಪೂರ್ಣಿಮೆ, ನಸುಕಿನಲ್ಲೇ ವಿಹಾರದ ಮುಂದೆ ಹಾಡು. ತಿದಿ ಹರಿದು ಉಸಿರು ಬಿಡುತ್ತಿದ್ದ ಈ ಮುದಿ ಪೇಟಿಯನ್ನು ಬಿಟ್ಟು ಕೀಬೋರ್ಡ್ ತರೋಣವೆಂದು ಮೇಳದ ಹುಡುಗರು ಹಟ ಹಿಡಿದಿದ್ದಾರೆ. ಪೇಟಿ ನುಡಿಸುವ ಮಾಸ್ತರ ರಾಜಾರಾಮ ಅವರಿಂದ ಕಷ್ಟಪಟ್ಟು ಒಂದು ಮಾತು ಹೊರಟಿದೆ: "ಇದೊಂದು ಹುಣ್ಣಿಮಿ ನೋಡ್ರಿ. ಪೇಟಿ ಕೈ ಕೊಟ್ರ ನಾನ ಅದನ್ನ ಅಟ್ಟಕ್ಕ ಹಾಕ್ತೇನಿ." ಹಾಗಾದರೆ ಅದು ಮತ್ತೆ ಕೆಳಗಿಳಿಯುವುದಿಲ್ಲ ಎಂಬುದು ನೀಲಾಗೆ ಗೊತ್ತು.

ಅವರು ಈ ಪೇಟಿಯ ಮಗ್ಗುಲಲ್ಲೇ ಬೆಳೆದವರು. ತಾಯಿ ಹನಮವ್ವ ಕೂಲಿಯಿಂದ ಬಂದು ರೊಟ್ಟಿ ಬಡಿಯುವಷ್ಟರಲ್ಲಿ ಮಗಳು ವಿಹಾರದ ಕಟ್ಟೆ ಸೇರಿರುತ್ತಿದ್ದಳು. ಹಗಲೆಲ್ಲ ಕಂಡವರ ಹೊಲದಲ್ಲಿ ದುಡಿದ ರಾಜಾರಾಮ ಕೈ ತೊಳೆದು ಅಲ್ಲಿ ಪೇಟಿ ಮುಂದಿಟ್ಟುಕೊಳ್ಳುತ್ತಿದ್ದರು, ಬಾಬು ಢೋಲಕಿ ಬಿಗಿಯುತ್ತಿದ್ದರು. ಆ ಪೇಟಿಯಲ್ಲಿ ಬೆರಳಿಟ್ಟು ಒತ್ತುವ ಬಿಳಿ ಪಟ್ಟಿಗಳಲ್ಲಿ ಒಂದಕ್ಕೆ ಹಟಮಾರಿ ಬುದ್ಧಿ. ಒತ್ತಿದರೆ ಕೆಳಗೇ ಕುಳಿತುಬಿಡುವುದು, ಬೆರಳು ತೆಗೆದರೂ ಸ್ವರ ಒದರುತ್ತಲೇ ಇರುವುದು. ಬಿಚ್ಚಿ ನೋಡೋಣವೆಂದರೆ ರಾಜಾರಾಮ ಒಪ್ಪರು. ಬಿಚ್ಚಿದರೆ ಪೇಟಿಯೊಳಗಿನ ಸ್ವರ ಹಾರಿಹೋಗುತ್ತದೆಂದು ಅವರ ನಂಬಿಕೆ. ಹಾಗಾಗಿ ಅವರ ಬಲಕ್ಕೆ ಪುಟ್ಟ ನೀಲಾ ಕೂರಬೇಕು, ಪಟ್ಟಿ ಕುಳಿತಾಗಲೆಲ್ಲ ತೋರುಬೆರಳಿನ ಉಗುರು ಕೊಟ್ಟು ಎತ್ತಬೇಕು. ಅವಳು ಎತ್ತುವ ತನಕ ಹಾಡುವವರು ಆ ಸ್ವರವನ್ನು ಎಳೆಯುತ್ತಿದ್ದರು. ಎಳೆದೂ ಎಳೆದೂ ಅದೇ ಕನಮಡಿ ಮೇಳದ ಧಾಟಿಯಾಯಿತು.

"ಎತ್ತಾಕ ತಡಾ ಮಾಡಿದ್ರ ಬಾಬುಕಾಕಾ ಕಣ್ಣ ಬಿಡತಿದ್ದ, ಜಲ್ದಿ ಎತ್ತಿದ್ರ ರಾಜಾರಾಮಕಾಕಾ ನಗತಿದ್ದ. ಹಾಡು ಅಲ್ಲಿಗೆ ಯಾವಾಗ ಬರ್ತದ ಅಂತ ಕಾಯಕೋತನ ನಾ ಕೇಳೂದು ಕಲತೇನ್ರಿ. ಸಾಲ್ಯಾಗ ಅಷ್ಟ ಲಕ್ಷ್ಯ ಕೊಟ್ಟಿದ್ರ ನಾನೂ ಸಾಲಿ ಕಲಸೂ ಬಾಯಾರು ಆಗ್ತಿದ್ದೆ ಏನೋ," ಎಂದು ನೀಲಾ ನಗುತ್ತಾರೆ.

ಮದುವೆಯಾಗಿ, ಟಂಟಂ ಆಟೊ ಓಡಿಸುವ ದೇವಾನಂದರ ಕೈ ಹಿಡಿದು ವಿಜಯಪುರಕ್ಕೆ ಬಂದ ಮೇಲೆ ಆ ಜಾಗದಲ್ಲಿ ಓಣಿಯ ಬೇರೆ ಮಕ್ಕಳು ಕುಳಿತರು. ನೀಲಾ ಇಲ್ಲಿ ವಾದ್ಯ ರಿಪೇರಿಯ ಸಿದ್ದರಾಯ ಎಂಬವರ ಅಂಗಡಿಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದರು. ಒಂದು ದಿನ ಪೇಟಿಯ ಧೂಳು ಒರೆಸುವಾಗ ತೋರುಬೆರಳು ತಾನಾಗಿ ಹೋಗಿ ಒಂದು ಪಟ್ಟಿಯನ್ನು ಎತ್ತಿತು. ಇದೇನೆಂದು ಸಿದ್ದರಾಯ ಕೇಳಿದರು, ನೀಲಾ ಕಥೆ ಹೇಳಿದರು. ಮುದುಕ ಹೊಟ್ಟೆ ಹಿಡಿದು ನಕ್ಕು, ಪಟ್ಟಿ ಕಳಚಿ, ಅಡಿಯಲ್ಲಿದ್ದ ತಂತಿಯ ಸ್ಪ್ರಿಂಗ್ ತೋರಿಸಿದರು. ಅದು ಸಡಿಲಾದರೆ ಪಟ್ಟಿ ಏಳುವುದಿಲ್ಲ.

"ಇಷ್ಟ ಏನ್ರಿ ಅಜ್ಜಾ? ಇಷ್ಟಕ್ಕ ನಾ ಅಷ್ಟ ವರ್ಷ ಬೆರಳ ಕೊಟಗೊಂಡ ಕುಂತಿದ್ನಲ್ರಿ ಅಂದೆ. ಮರುದಿನದಿಂದ ಕಸಬರಿಗಿ ಕೆಳಗಿಡಿಸಿ ಅರ ಕೊಟ್ಟ ನಮ್ಮ ಅಜ್ಜ."

ಅಜ್ಜ ಈಗಿಲ್ಲ. ಅರ ಇದೆ, ಅಂಗಡಿ ಇದೆ. ಹೆಂಗಸಿನ ಕೈಗೆ ಪೇಟಿ ಕೊಡಲು ಹಿಂದೆಮುಂದೆ ನೋಡಿದವರೇ ಈಗ ಹೊತ್ತು ಹುಟ್ಟುವ ಮುಂಚೆ ಬಂದು ಷಟರ್ ತಟ್ಟುತ್ತಾರೆ. ಎಷ್ಟೋ ವರ್ಷ ಯಾರಿಗೂ ಪೇಟಿ ಬಿಚ್ಚಗೊಡದ ರಾಜಾರಾಮ ಕೂಡ ಸೋತರು. "ನೀ ಬಿಚ್ಚಿದ್ರ ಸ್ವರ ಎಲ್ಲೂ ಹೋಗಂಗಿಲ್ಲ ಬೇ. ಅವಕ್ಕ ನಿನ್ನ ಗುರ್ತ ಐತಿ," ಎಂದು ತಾವೇ ಹೊತ್ತು ತಂದರು. ನೀಲಾ ತಿದಿ ಹೊಲಿದರು, ರೀಡ್ ತೊಳೆದರು. ಕೊನೆಗೆ ಆ ಹಟಮಾರಿ ಪಟ್ಟಿಗೂ ಹೊಸ ಸ್ಪ್ರಿಂಗ್ ಹಾಕಿದರು.

ಪೂರ್ಣಿಮೆಯ ನಸುಕು. ಕನಮಡಿಯ ವಿಹಾರದ ಮುಂದೆ ಬಿಳಿ ಸೀರೆ, ಬಿಳಿ ಅಂಗಿ. ರಾಜಾರಾಮ ತಿದಿ ಒತ್ತಿದರೆ ಪೇಟಿ ಹೊಸ ಮದುಮಗಳಂತೆ ದನಿ ತೆಗೆಯುತ್ತದೆ. ಗುಂಪಿನ ಅಂಚಿನಲ್ಲಿ ನಿಂತ ನೀಲಾಗೆ ಜೀವ ತಂಪಾಗುತ್ತದೆ. ಆದರೆ ಹಾಡು ಆ ಪಟ್ಟಿಯ ಜಾಗಕ್ಕೆ ಬಂದಾಗ ಎಲ್ಲವೂ ಕೆಡುತ್ತದೆ. ಮಾಸ್ತರರ ಬೆರಳು ಮೇಲೆದ್ದದ್ದೇ ತಡ, ಪಟ್ಟಿಯೂ ಟಕ್ಕನೆ ಎದ್ದು ಸ್ವರ ನಿಲ್ಲುತ್ತದೆ. ಹಾಡುವವರು ರೂಢಿಯಂತೆ ಎಳೆಯುತ್ತಲೇ ಉಳಿಯುತ್ತಾರೆ. ಬಾಬು ಎರಡರ ನಡುವೆ ಸಿಕ್ಕಿ ಢೋಲಕಿಯ ಲೆಕ್ಕ ತಪ್ಪುತ್ತಾರೆ. ಎರಡನೇ ಸಲವೂ ಹಾಗೆಯೇ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಒಳ್ಳೆಯದು ಮಾಡಲು ಹೋಗಿ ಮೇಳವನ್ನೇ ಕೆಡಿಸಿದೆನೆಂದು ನೀಲಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ.

"ಈಗ ಹ್ಯಾಂಗ ಮಾಸ್ತರ?" ಎಂದು ಬಾಬು ಕೇಳುತ್ತಾರೆ.

"ಪೇಟಿ ನೆಟ್ಟಗಾಗೇತಿ, ನಾವ ಸೊಟ್ಟ ಅದೇವಿ," ಎನ್ನುತ್ತಾರೆ ರಾಜಾರಾಮ. ಕೂತವರೆಲ್ಲ ನಗುತ್ತಾರೆ. ಅವರು ಗುಂಪಿನ ಕಡೆ ಕಣ್ಣಾಡಿಸಿ, ಬಲಗಡೆಯ ಚಾಪೆ ತಟ್ಟುತ್ತಾರೆ. "ನೀಲಾ, ಬಾ ಬೇ ಇಲ್ಲೆ."

ತಲೆಯಲ್ಲಿ ನರೆ ಕಂಡ ನೀಲಾ ಸೆರಗು ಸರಿಮಾಡಿಕೊಂಡು ಹಳೆಯ ಜಾಗದಲ್ಲಿ ಕೂರುತ್ತಾರೆ. ಹಾಡು ಮತ್ತೆ ಮೊದಲಾಗುತ್ತದೆ. ಆ ಪಟ್ಟಿಯ ಮೇಲೆ ಬಂದ ಮಾಸ್ತರರ ಬೆರಳು ಅಲ್ಲೇ ನಿಲ್ಲುತ್ತದೆ, ಏಳುವುದಿಲ್ಲ. ಸ್ವರ ಹರಿಯುತ್ತದೆ, ದನಿಗಳೆಲ್ಲ ಅದರ ಜೊತೆ ಹರಿಯುತ್ತವೆ. ನೀಲಾ ಕಾಯುತ್ತಾರೆ, ಕಾದು ಉಗುರು ಕೊಡುತ್ತಾರೆ. ಇಬ್ಬರ ಬೆರಳೂ ಒಟ್ಟಿಗೆ ಮೇಲೇಳುತ್ತವೆ, ಬಾಬು ಅವರ ಪೆಟ್ಟು ಸರಿಯಾಗಿ ಅಲ್ಲೇ ಬೀಳುತ್ತದೆ. ಬಿಸಿಲು ಏರುವ ತನಕ ಹಾಡು ನಿಲ್ಲುವುದಿಲ್ಲ. ಕೀಬೋರ್ಡಿನ ಮಾತನ್ನು ಹುಡುಗರು ಮತ್ತೆ ಎತ್ತಲಿಲ್ಲ.

ಮರುದಿನ ನಸುಕಿನಲ್ಲಿ ಮತ್ತೆ ಅದೇ ಷಟರ್, ಅದೇ ಅರ. ಪಟ್ಟಿ ಈಗ ತಾನೇ ಏಳುತ್ತದಲ್ಲ, ಮುಂದಿನ ವರ್ಷ ಮತ್ತೇಕೆ ಹೋಗುವುದೆಂದು ಯಾರಾದರೂ ಕೇಳಿದರೆ ನೀಲಾ ರೀಡಿನಿಂದ ಕಣ್ಣೆತ್ತದೆ ಹೇಳುತ್ತಾರೆ:

"ಇನ್ನಮ್ಯಾಲ ಪ್ರತಿ ವರ್ಷ ಬುದ್ಧ ಹುಣ್ಣಿಮಿಗೆ ನನ್ನ ಅಂಗಡಿ ಬಂದ್ ಇರತದ್ರಿ. ಪೇಟಿ ತರವರು ಮರುದಿನ ಬರ್ರಿ. ಅವತ್ತ ನನಗ ಕನಮಡ್ಯಾಗ ಕೆಲಸ ಐತಿ."