ಅತ್ತೆಯ ಮನೆಗೆ ನಾನೇ ಸಾಕ್ಷಿ

ಕಳೆದ ವಾರ ಹುಬ್ಬಳ್ಳಿಯ ಗಾಣದಂಗಡಿಯೊಂದರ ಮುಂದೆ ಹಾಯುವಾಗ ಆಗಷ್ಟೇ ಹಿಂಡಿದ ಕುಸುಬಿ ಎಣ್ಣೆಯ ವಾಸನೆ ಬಂತು. ನನ್ನ ಸೋದರತ್ತೆಯ ಅಡುಗೆಮನೆಯ ವಾಸನೆ ಅದು. ಬೇರೆ ಎಣ್ಣೆಯನ್ನು ಅವಳು ಮನೆಯೊಳಗೆ ಬಿಟ್ಟುಕೊಂಡವಳೇ ಅಲ್ಲ...

ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಅರಳೆ ವ್ಯಾಪಾರದಲ್ಲಿ ಗಳಿಸಿ ಕಟ್ಟಿಸಿದ ಮನೆ ದೊಡ್ಡ ದವಾಖಾನೆಯ ಹಿಂದಿನ ಓಣಿಯಲ್ಲಿತ್ತು. ಶಾಲೆಗೆ ಸೂಟಿ ಬಿದ್ದರೆ ನಾನು ಅಲ್ಲೇ. ಹಿತ್ತಲ ಕಡೆಯ ಕೋಣೆಯನ್ನು ಎಲ್ಲರೂ ನನ್ನ ಹೆಸರಿನಿಂದಲೇ ಕರೆಯುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅತ್ತೆಯ ಮಾತ್ರೆ, ಕಣ್ಣಿನ ಆಪರೇಶನ್, ದೀಪಾವಳಿಯ ಸೀರೆ ಎಲ್ಲ ನೋಡಿಕೊಂಡವಳು ನಾನು. ಮನೆ ನಿನಗೇ ಬಿಡು ಎಂದು ನೆಂಟರು ಅಂದಾಗ ಛೇ ಛೇ ಎನ್ನುತ್ತಿದ್ದೆ. ಒಳಗೊಳಗೆ ಆ ಕೋಣೆಗೆ ಯಾವ ಬಣ್ಣ ಹೊಡೆಸಬೇಕೆಂದೂ ನಿಶ್ಚಯಿಸಿ ಆಗಿತ್ತು.

ಒಂದು ದಿನ ಅತ್ತೆ, "ಮೃತ್ಯುಪತ್ರ ಬರಸಾಕತ್ತೇನಿ. ನಾಳೆ ವಕೀಲರ ಕಡೆ ಹೋಗೂಣು, ನೀನೂ ಬಾ" ಎಂದಳು. ಇಳಕಲ್ ಸೀರೆ ಉಟ್ಟು ಹೋದೆ.

ಸಾಕ್ಷಿಯ ಸಹಿಗೆ ಅತ್ತೆ ನನ್ನತ್ತ ಕೈ ತೋರಿಸಿದಾಗ ವಕೀಲರು ತಡೆದರು. "ಅವ್ವಾರ, ಆಸ್ತಿ ಸಿಗೋರ ಕಡಿಂದ ಸಾಕ್ಷಿ ಸಹಿ ಹಾಕಸೂದು ಛಲೋ ಅಲ್ರಿ."

"ಆಕಿ ಹೆಸರಿಗೆ ಏನೂ ಬರಸಿಲ್ರಿ. ಅದಕ್ಕ ಕರಕೊಂಡ ಬಂದೇನಿ."

ಮನೆ ಒಂದು ಧರ್ಮಸಂಸ್ಥೆಗೆ ಹೋಗಲಿತ್ತು. ದವಾಖಾನೆಯಲ್ಲಿ ತಮ್ಮವರನ್ನು ನೋಡಿಕೊಳ್ಳಲು ಹಳ್ಳಿಗಳಿಂದ ಬರುವ ಹೆಂಗಸರು ಪುಕ್ಕಟೆ ಇಳಿದುಕೊಳ್ಳಲಿ ಎಂದು. ಯಾರ್ಯಾರೋ. ಅತ್ತೆಯ ಮುಖವನ್ನೂ ನೋಡದವರು... ವಕೀಲರ ಗುಮಾಸ್ತನ ಸಹಿಯ ಪಕ್ಕ ನನ್ನದನ್ನೂ ಹಾಕಿದೆ.

ಆಟೋದಲ್ಲಿ ಅತ್ತೆ ಕೈ ಹಿಡಿದಳು. ಬಿಡಿಸಿಕೊಂಡೆ.

"ನಿಮ್ಮ ಮಾವ ಮುಂಬೈ ದವಾಖಾನ್ಯಾಗ ಇದ್ದಾಗ ನಾ ಫುಟ್‌ಪಾತ್ ಮ್ಯಾಲೆ ಮಲಗೇನಿ. ಬಾಗಲಾ ಹಾಕ್ಕೊಂಡು ಸೀರಿ ಬದಲಸಾಕ ಒಂದು ಖೋಲಿ ಇದ್ದಿದ್ದಿಲ್ಲ. ನಿನಗ ಮನಿ ಐತಿ, ಮಗಳ. ನಾಳೆ ಯಾರರ ಮುದುಕಿ ತಲಿ ಕೆಟ್ಟಿತ್ತು ಅಂದ್ರ, ಅಲ್ಲ ಅಂತ ಹೇಳಾಕ ನೀ ಬೇಕು."

ಭರವಸೆ ನನ್ನ ಮೇಲೆ, ಮನೆ ಮಾತ್ರ ಯಾರ್ಯಾರಿಗೋ! ಆ ಮಾತು ಇನ್ನಷ್ಟು ಸುಟ್ಟಿತು.

ಅತ್ತೆ ತೀರಿಕೊಂಡ ಮೇಲೆ ಅಣ್ಣ ಬಂದು ಕುಳಿತ. "ಅತ್ತಿ ಬುದ್ಧಿ ಅರಳುಮರಳಾಗಿತ್ತು ಅಂತ ನೀ ಒಂದ್ ಮಾತು ಹೇಳು. ಮನಿ ನಮಗ ಉಳೀತೈತಿ."

ಹೂಂ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. "ಅತ್ತಿ ಬುದ್ಧಿ ನಿನಗಿಂತ ನೆಟ್ಟಗಿತ್ತು" ಎಂದೆ. ಹೊಟ್ಟೆ ಉರಿಯುತ್ತಲೇ ಎಂದೆ. ಅಂದಿನಿಂದ ಅಣ್ಣ ನನ್ನೊಡನೆ ಮಾತು ಬಿಟ್ಟ.

ಆಮೇಲೆ ಆ ಓಣಿಗೆ ಕಾಲಿಡಲಿಲ್ಲ. ಯಾರೋ ನನ್ನ ಕೋಣೆಯಲ್ಲಿ ಮಲಗುತ್ತಾರೆ, ಯಾರೋ ಅತ್ತೆಯ ಹಂಡೆಯ ಬಿಸಿನೀರು ಸುರಿದುಕೊಳ್ಳುತ್ತಾರೆ ಎಂದು ನೆನೆದರೆ ಸವತಿಯನ್ನು ನೆನೆದಂತಾಗುತ್ತಿತ್ತು. ಎಣ್ಣೆಯ ವಾಸನೆ ಬಂದ ಆ ದಿನ ಮಾತ್ರ ಕಾಲುಗಳು ತಾವಾಗಿ ಅತ್ತ ಹೊರಳಿದವು.

ಬಾಗಿಲು ತೆರೆದೇ ಇತ್ತು. ನನ್ನ ಕೋಣೆಯಿಂದ ಒದ್ದೆಗೂದಲಿನ ಹೆಂಗಸೊಬ್ಬಳು ಬಂದಳು. ಶಿರಗುಪ್ಪಿಯವಳಂತೆ, ಗಂಡನಿಗೆ ಆಪರೇಶನ್ ಆಗಿತ್ತಂತೆ. "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ನನ್ನ ಅತ್ತೆಯ ಮನೆಯೊಳಕ್ಕೆ ನನ್ನನ್ನೇ ಕರೆದಳು! ಮೈ ಉರಿದುಹೋಯಿತು.

"ನಿಮ್ಮವರು ಯಾರದಾರ್ರಿ ದವಾಖಾನ್ಯಾಗ?"

"ಅತ್ತಿ ಇದ್ದಳು... ಈಗಿಲ್ಲ."

ಆಗಷ್ಟೇ ತೀರಿಹೋದರೆಂದು ತಿಳಿದಳೇನೋ. ಚಾಪೆಯ ಮೇಲೆ ಕೂರಿಸಿ ಬೆನ್ನ ಮೇಲೆ ಕೈಯಿಟ್ಟಳು. ಅತ್ತೆಯ ಹೆಣದ ಮುಂದೆಯೂ ಅಳದಿದ್ದ ನಾನು, ಆ ಗುರುತಿಲ್ಲದವಳ ಮುಂದೆ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ರೊಟ್ಟಿಗೆ ಪಲ್ಯ ಹಚ್ಚಿ ಕೈಗಿತ್ತಳು. "ಉಣ್ರಿ. ಇದು ಧರ್ಮದ ಮನಿ, ಯಾರೂ ಏನೂ ಅನ್ನಂಗಿಲ್ಲ."

ಉಂಡು ಬಂದೆ. ಹೊಟ್ಟೆಕಿಚ್ಚು ಆರಿತೆಂದು ಹೇಳಲಾರೆ. ಅವಳು ಹೋದರೆ ಇನ್ನೊಬ್ಬಳು ಆ ಕೋಣೆಯಲ್ಲಿ ಮಲಗುತ್ತಾಳೆ. ಇದನ್ನೆಲ್ಲ ಹೇಳಿ ಜಗಳ ತೆಗೆಯೋಣವೆಂದರೆ ಅತ್ತೆಯೇ ಇಲ್ಲ...