ಬಾಗಿಲ ಹಿಂದೆ ಸಾವಕಾರರ ದನಿ

ಯಲ್ಲಪ್ಪನನ್ನು ಗಿರಣಿಯಿಂದ ಹೊರಗೆ ಹಾಕಿದವನು ನಾನು, ಸಾವಕಾರರಲ್ಲ. ಆವೊತ್ತು ಮುಚ್ಚಿದ ಬಾಗಿಲ ಆಚೆಯಿಂದ ಅವನು ಕೇಳಿದ ದನಿ ಕೂಡ ಅವರದಲ್ಲ — ನನ್ನದು. ಇದು ಬೈಲಹೊಂಗಲದಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಇಬ್ಬರೇ. ಒಬ್ಬರಿಗೆ ಆಗಲೇ ಮಾತು ನಿಂತುಹೋಗಿತ್ತು. ಇನ್ನೊಬ್ಬರು ಮಾತಿದ್ದೂ ಆಡದೆ ತೀರಿಹೋದರು.

ಇತ್ತೀಚೆಗೆ ಹತ್ತಿ ವ್ಯಾಪಾರಸ್ಥರ ಮನೆಯ ಹುಡುಗರು ನಾಲ್ಕಾರು ಮಂದಿ ನನ್ನಲ್ಲಿಗೆ ಬಂದಿದ್ದರು. "ಸಣ್ಣ ಧಂದೆ ದೊಡ್ಡದಾಗೂ ಹೊತ್ತಿನ್ಯಾಗ ಮಂದೀನ ಹೆಂಗ ನಡಸಬೇಕು, ಅವರ ಜೋಡಿ ಹೆಂಗ ಮಾತಾಡಬೇಕು — ನೀವು ಬಂದು ನಾಕು ಮಾತು ಹೇಳಬೇಕ್ರಿ ಕಾಕಾ" ಎಂದರು. ಆಗುವುದಿಲ್ಲ ಎಂದೆ. ವಯಸ್ಸಾಯಿತು ಅಂದುಕೊಂಡು ಹೋದರು. ಕಾರಣ ವಯಸ್ಸಲ್ಲ. ಕಾರಣ ಇದು —

ಎಪ್ಪತ್ತರ ದಶಕದ ಮಾತು. ಚನ್ನಬಸಪ್ಪ ಸಾವಕಾರರದು ಮೊದಲು ಒಂದೇ ಶೆಡ್ಡಿನ ಜಿನ್ ಗಿರಣಿ. ರೈತರು ತಂದ ಹತ್ತಿಯಿಂದ ಕಾಳು ಬೇರ್ಪಡಿಸಿ ಅರಳೆ ತೆಗೆಯುವ ಕೆಲಸ. ಹೈಬ್ರಿಡ್ ಹತ್ತಿ ಬಂದ ಮೇಲೆ ಚಕ್ಕಡಿಗಳ ಸಾಲು ರಸ್ತೆಯ ತನಕ ನಿಲ್ಲತೊಡಗಿತು. ಇನ್ನೊಂದು ಶೆಡ್ ಎದ್ದಿತು. ಸವದತ್ತಿಯಲ್ಲಿ ಖರೀದಿ ಅಂಗಡಿ ಆಯಿತು. ಯರಗಟ್ಟಿಯಲ್ಲಿ ಜಾಗ ನೋಡಿದರು. ಲೆಕ್ಕ ಬರೆಯುತ್ತಿದ್ದ ನನ್ನನ್ನು ಮ್ಯಾನೇಜರ್ ಮಾಡಿದರು.

ಆದರೆ ಮಂದಿಯನ್ನು ನಡೆಸುತ್ತಿದ್ದವರು ಅವರೇ. ನಡೆಸುತ್ತಿದ್ದರು ಎಂದರೆ — ಕೂಗಾಡುತ್ತಿರಲಿಲ್ಲ, ಕೇಳುತ್ತಿದ್ದರು. ದಿನಾ ಮುಂಜಾನೆ ಗಿರಣಿಯ ಭೋಂಗಾ ಕೂಗುವ ಮೊದಲು ಆಫೀಸಿನ ಪಡಸಾಲೆಯಲ್ಲಿ ಕೂತು ಯಲ್ಲಪ್ಪನನ್ನು ಕರೆಯುತ್ತಿದ್ದರು. ಯಲ್ಲಪ್ಪ ಹೂಲಿಯವನು, ಕೂಲಿಯವರ ಮುಕಾದಮ. ಮೊದಲ ಶೆಡ್ಡಿನ ಕಂಬ ನೆಡುವಾಗಿನಿಂದ ಜೊತೆಗಿದ್ದವನು. ಹೆಗಲ ಮೇಲಿನ ಟವೆಲನ್ನು ತೋಳಿಗೆ ಇಳಿಸಿಕೊಂಡು ನಿಂತು ಹೇಳುತ್ತಿದ್ದ — ಯಾರ ಕೂಸಿಗೆ ಜ್ವರ, ಯಾರ ಮನೆಯಲ್ಲಿ ಮದುವೆ, ಯಾವ ಹೆಣ್ಣುಮಗಳಿಗೆ ಅರಳೆಯ ಧೂಳಿಗೆ ಕೆಮ್ಮು ಹತ್ತಿದೆ. ಊರೆಲ್ಲ ಯಲ್ಲಪ್ಪ ಅನ್ನುತ್ತಿದ್ದವನನ್ನು ಸಾವಕಾರರು ಮಾತ್ರ "ಯಲ್ಲ್ಯಾ" ಅನ್ನುತ್ತಿದ್ದರು. ಎರಡನೆಯ ಅಕ್ಷರಕ್ಕೆ ಒಂದಿಷ್ಟು ಒತ್ತು ಕೊಟ್ಟು, ಕೊನೆಗೆ ದನಿ ತುಸು ಏರಿಸಿ. ಹಾಗೆ ಬೇರೆ ಯಾರಿಗೂ ಅನ್ನಲು ಬರುತ್ತಿರಲಿಲ್ಲ.

ನನಗೆ ಬರುತ್ತಿತ್ತು. ಆಫೀಸಿನ ಹುಡುಗರನ್ನು ನಗಿಸಲು ಸಾವಕಾರರ ಹಾಗೆ ಮಾತಾಡಿ ತೋರಿಸುತ್ತಿದ್ದೆ. ಒಮ್ಮೆ ಅವರೇ ಹಿಂದೆ ಬಂದು ನಿಂತು ಕೇಳಿಸಿಕೊಂಡರು. ಬೈಯಲಿಲ್ಲ. "ಏ, ನನಗಿಂತ ಚೊಲೊ ಮಾತಾಡ್ತಿಯಲ್ಲೋ" ಎಂದು ನಕ್ಕರು.

ಸುಗ್ಗಿಯ ಭರಾಟೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಬೆಳಗಾವಿಯ ಡಾಕ್ಟರು ಬಂದು ನೋಡಿ, ಕಾಯಬೇಕು ಎಂದರು. ಕಾಯುವುದು ಹೇಗೆ? ರೈತರು ಹತ್ತಿ ಸುರಿದು ಹೋಗುತ್ತಿದ್ದದ್ದು ಸಾವಕಾರರ ಬಾಯಿಮಾತಿನ ಮೇಲೆ. ಆ ಬಾಯಿಯೇ ಇಲ್ಲ ಎಂದು ಗೊತ್ತಾದರೆ — ಸಾವಕಾರರ ಹೆಂಡತಿ ನೀಲಕ್ಕನವರು ನನ್ನನ್ನು ಕರೆದು, "ಸುಗ್ಗಿ ಮುಗಿಯೂ ಮಟ ಯಾರಿಗೂ ಗೊತ್ತಾಗೂದು ಬ್ಯಾಡ" ಎಂದರು. ಮಗ ಇನ್ನೂ ಸಾಲಿ ಕಲಿಯುತ್ತಿದ್ದ. ಗಂಟಲ ಬೇನೆ, ಡಾಕ್ಟರು ಮಂದಿಯ ಭೇಟಿ ಬೇಡ ಅಂದಿದ್ದಾರೆ ಎಂದು ಸುದ್ದಿ ಬಿಟ್ಟೆವು. ಆಫೀಸಿಗೆ ಹೊಂದಿಕೊಂಡ ಕೋಣೆಯಲ್ಲಿ ಅವರ ಮಂಚ ಹಾಕಿಸಿದೆವು. ಒಳಗೆ ಹೋಗುವವರು ನೀಲಕ್ಕ, ನಾನು — ಇಬ್ಬರೇ.

ಮೊದಮೊದಲು ನಾನು ನಿಜವಾಗಿಯೂ ಕೇಳುತ್ತಿದ್ದೆ. ಮಂಚದ ಹತ್ತಿರ ಕೂತು ಒಂದೊಂದೇ ಸಂಗತಿ ಹೇಳುತ್ತಿದ್ದೆ. ಹೌದು ಎಂದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಅಲ್ಲ ಎಂದರೆ ದಿಟ್ಟಿಸಿ ನೋಡುತ್ತಿದ್ದರು. ಹೊರಗೆ ಬಂದು, "ಸಾವಕಾರ್ರು ಹಿಂಗ ಹೇಳ್ಯಾರ" ಅನ್ನುತ್ತಿದ್ದೆ. ಕೆಲಸ ನಡೆಯುತ್ತಿತ್ತು.

ಆಮೇಲೆ ಕೇಳುವುದು ಕಡಿಮೆಯಾಯಿತು. ಹೊತ್ತಿಲ್ಲ ಎಂದುಕೊಂಡೆ. ಅವರು ಹೌದೇ ಅನ್ನುತ್ತಾರೆ, ಮತ್ತೆ ಯಾಕೆ ಕೇಳುವುದು ಎಂದುಕೊಂಡೆ. ಅಲ್ಲ — ಅವರು ದಿಟ್ಟಿಸಿ ನೋಡುವುದು ನನಗೆ ಬೇಡವಾಗಿತ್ತು. ಒಳಗೆ ಹೋಗಿ ಸುಮ್ಮನೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಮಾತಾಡಿದಷ್ಟು ಹೊತ್ತು ಕಳೆಯಲಿ ಎಂದು. ಅವರು ನನ್ನನ್ನೇ ನೋಡುತ್ತಿದ್ದರು. ಹೊರಗೆ ಬಂದು ನನ್ನ ಮನಸ್ಸಿನದನ್ನು "ಸಾವಕಾರ್ರು ಹೇಳ್ಯಾರ" ಅನ್ನುತ್ತಿದ್ದೆ. ಮಂದಿ ತಲೆ ಬಾಗಿಸಿ ಹೋಗುತ್ತಿದ್ದರು. ಅದರ ರುಚಿ — ಅದನ್ನೂ ಹೇಳಬೇಕಲ್ಲ — ನನಗೆ ಹತ್ತಿತು.

ಯಲ್ಲಪ್ಪ ಮಾತ್ರ ದಿನಾ ಬಂದು ಪಡಸಾಲೆಯಲ್ಲಿ ನಿಲ್ಲುತ್ತಿದ್ದ. "ಮಾತಾಡೂದು ಬ್ಯಾಡ್ರಿ. ನಾ ಹೇಳ್ತೇನಿ, ಅವರು ಕೇಳಲಿ. ಒಂದ ಸಲ ಮಾರಿ ನೋಡಿ ಹೋಗ್ತೇನಿ." ನಾಳೆ ನೋಡೋಣ ಎಂದು ಕಳಿಸುತ್ತಿದ್ದೆ. ಅವನು ಒಳಗೆ ಬಂದರೆ ಒಂದೇ ನೋಟಕ್ಕೆ ಎಲ್ಲ ತಿಳಿಯುತ್ತದೆ ಎಂಬ ಭಯ ನನಗೆ.

ಅಷ್ಟರಲ್ಲಿ ಹೊಸ ಶೆಡ್ಡನ್ನು ಸಂಜೆಯ ಮೇಲೂ ನಡೆಸಬೇಕೆಂದು ಹೇಳಿದೆ — ಸಾವಕಾರರ ಹೆಸರಿನಲ್ಲಿ. ಯಲ್ಲಪ್ಪ ಹೆಣ್ಣುಮಕ್ಕಳನ್ನು ಕರೆತರಲಿಲ್ಲ. "ಮುಂಜಾನಿಂದ ದುಡದು ದಣದಿರತಾರ್ರಿ. ಕಣ್ಣು ಎಳೀತಾವ. ಒಂದ ಸೆರಗು ಮಷೀನಿನ್ಯಾಗ ಸಿಕ್ತಂದ್ರ? ಸಾವಕಾರ್ರು ಇಂಥ ಮಾತು ಹೇಳೂದಿಲ್ರಿ" ಎಂದ.

"ನಾ ಸುಳ್ಳ ಹೇಳಾಕ ಹತ್ತೀನಿ ಅಂತಿಯೇನು?"

"ನೀವು ಸುಳ್ಳ ಹೇಳ್ತೀರಿ ಅನ್ನೂದಿಲ್ರಿ ಮ್ಯಾನೇಜರ್ರ. ಅವರ ಬಾಯಿಲೆ ಒಮ್ಮೆ ಕೇಳ್ತೇನಿ. ಅವರು ಹೂಂ ಅಂದ್ರ ಮುಗೀತು."

ಅವನ ಹಿಂದೆ ಮಂದಿ ಕೂಡಿದ್ದರು. ಮಧ್ಯಾಹ್ನದ ಊಟಕ್ಕೆ ಮಷೀನುಗಳು ನಿಂತಿದ್ದವು. ನೆಲ, ಗೋಡೆ, ಜನರ ಹುಬ್ಬು, ರೆಪ್ಪೆ — ಎಲ್ಲದರ ಮೇಲೂ ಅರಳೆ ಕೂತು ಬೆಳ್ಳಗೆ. ಅಷ್ಟೂ ಬಿಳಿ ಮುಖಗಳು ನನ್ನನ್ನೇ ನೋಡುತ್ತಿದ್ದವು. "ತಡಿ, ಕೇಳಿ ಬರ್ತೇನಿ" ಎಂದು ಒಳಗೆ ಹೋದೆ. ಬಾಗಿಲು ಹಾಕಿಕೊಂಡೆ.

ಸಾವಕಾರರಿಗೆ ಹೊರಗಿನದೆಲ್ಲ ಕೇಳಿಸಿತ್ತು. ಎಡಗೈಯಿಂದ ಮಂಚದ ಪಟ್ಟಿ ಹಿಡಿದು ಏಳಲು ಒದ್ದಾಡುತ್ತಿದ್ದರು. ಕಣ್ಣು ಬಾಗಿಲ ಮೇಲಿತ್ತು — ಅವನನ್ನು ಕರೆ, ಕರೆ ಎಂದು. ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ. ಕೇಳಿಯೂ —

ಬಾಗಿಲಿಗೆ ಬೆನ್ನು ಕೊಟ್ಟು, ಅವರ ಮುಖ ನೋಡುತ್ತಲೇ, ಅವರ ದನಿಯಲ್ಲಿ ಹೇಳಿದೆ:

"ಯಲ್ಲ್ಯಾ, ಹೋಗಿಬಿಡು. ನಿನ್ನ ಮಾರಿ ನನಗ ತೋರಸಬ್ಯಾಡ."

ಏಳಲು ಒದ್ದಾಡುತ್ತಿದ್ದ ಸಾವಕಾರರು ಹಾಗೇ ಸ್ತಬ್ಧರಾದರು. ಅವರ ಬಾಯಿ ತುಸು ತೆರೆದಿತ್ತು. ಒಂದು ಗಳಿಗೆ ನನಗೇ ಅನ್ನಿಸಿತು, ದನಿ ಆ ಬಾಯಿಂದಲೇ ಬಂತೋ ಏನೋ ಎಂದು. ಅವರಿಗೂ ಹಾಗೇ ಅನ್ನಿಸಿರಬೇಕು. ಎಡಗೈಯನ್ನು ಎತ್ತಿ ತಮ್ಮ ತುಟಿ ಮುಟ್ಟಿ ನೋಡಿಕೊಂಡರು.

ಹೊರಗೆ ಯಲ್ಲಪ್ಪನ ಚಪ್ಪಲಿ ಸಪ್ಪಳ ಪಡಸಾಲೆ ಇಳಿದು ಹೋಯಿತು.

ಅದೇ ಹೊತ್ತಿಗೆ ಕೋಣೆಯಿಂದ ಮನೆಗೆ ಹೋಗುವ ಹಿತ್ತಲ ಬಾಗಿಲು ತೆರೆಯಿತು. ನೀಲಕ್ಕನವರು ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. "ಮಾತು ಬಂತ್ರಿ? ಬಂತೇನ್ರಿ ಮಾತು?" ಎನ್ನುತ್ತ ಮಂಚದ ಹತ್ತಿರ ಹೋದರು. ಗಂಡನ ಮುಖ ನೋಡಿದರು. ನನ್ನನ್ನು ನೋಡಿದರು. ಹಿಟ್ಟಿನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬಂದ ಬಾಗಿಲಲ್ಲೇ ಮರಳಿ ಹೋದರು, ಹೋಗುವಾಗ ಅದನ್ನು ಮೆಲ್ಲಗೆ ಎಳೆದುಕೊಂಡು.

ಆವೊತ್ತಿನಿಂದ ಸಾವಕಾರರು ನನ್ನ ಯಾವ ಮಾತಿಗೂ ಕಣ್ಣು ಮುಚ್ಚಲಿಲ್ಲ, ದಿಟ್ಟಿಸಲೂ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿದವರು ತಿರುಗಿಸಿದ ಹಾಗೇ ಇದ್ದರು. ಹೊಸ ಶೆಡ್ ಸಂಜೆಯ ಮೇಲೂ ನಡೆಯಿತು. ಸಾವಕಾರರ ದನಿ ಕೇಳಿದ ಮೇಲೆ ಯಾರೂ ಎದುರಾಡಲಿಲ್ಲ.

ಆಮೇಲಿನದು ಹೇಗೆ ಹೇಳಲಿ... ಒಂದು ದಿನ ಮುಂಜಾನೆ ಹೊಸ ಶೆಡ್ಡಿಗೆ ಹೋದರೆ, ಅರಳೆ ಆರಿಸುವ ಗಂಗವ್ವ ಆ ಶೆಡ್ಡಿನ ಮಷೀನುಗಳ ಸುತ್ತ ಹಗ್ಗ ಕಟ್ಟುತ್ತಿದ್ದಳು. "ಯಾರು ಹೇಳಿದ್ರು?" ಎಂದೆ. "ಸಾವಕಾರ್ರು ಹೇಳಿದ್ರಲ್ರಿ. ಅವರ ಕೋಣಿ ಕಿಟಕಿಯಿಂದ. ಸೆರಗು ಸಿಕ್ಕೀತು, ಹಗ್ಗ ಕಟ್ಟರಿ ಅಂದ್ರು." ಇನ್ನಿಬ್ಬರು ಹೆಣ್ಣುಮಕ್ಕಳೂ ಹೌದೆಂದರು, ಅವರಿಗೂ ಕೇಳಿಸಿತ್ತಂತೆ. ನಾನು ಹೇಳಿರಲಿಲ್ಲ. ಆ ಮುಂಜಾನೆ ನಾನು ಬಾಯಿಯನ್ನೇ ತೆರೆದಿರಲಿಲ್ಲ. ಕೋಣೆಗೆ ಓಡಿದೆ. ಸಾವಕಾರರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಿಟಕಿ ಹಾಕಿತ್ತು, ಒಳಗಿನಿಂದ ಚಿಲಕ ಇತ್ತು.

ಯಾರು ಹೇಳಿದರು? ಇವತ್ತಿಗೂ ನನಗೆ ಗೊತ್ತಿಲ್ಲ. ನನಗೇ ತಿಳಿಯದೆ ನಾನೇ ಅಂದೆನೋ — ಆ ಅನುಮಾನ ನನ್ನನ್ನು ಬಿಟ್ಟಿಲ್ಲ. ಹಗ್ಗ ಬಿಚ್ಚಿಸಲು ಹೊರಟೆ, ಧೈರ್ಯ ಬರಲಿಲ್ಲ. ಹಾಗೇ ಇತ್ತು ಆ ಹಗ್ಗ, ಅರಳೆ ಹಿಡಿದು ದಪ್ಪಗಾಗುತ್ತ.

ಸುಗ್ಗಿ ಮುಗಿಯುವ ಮೊದಲೇ ಸಾವಕಾರರು ತೀರಿಕೊಂಡರು. ಸವದತ್ತಿ, ಯರಗಟ್ಟಿ, ಕಿತ್ತೂರಿನಿಂದ ಮಂದಿ ಬಂದರು. ಯಲ್ಲಪ್ಪ ಬರಲಿಲ್ಲ. "ಎಂಥಾ ಉಪಕಾರಗೇಡಿ" ಎಂದು ಪಕ್ಕದಲ್ಲಿ ಯಾರೋ ಅಂದರು. ನಾನು ಸುಮ್ಮನಿದ್ದೆ.

ಮಣ್ಣಾದ ಮೇಲೂ ಅವರನ್ನು ನಾನು ಬಿಡಲಿಲ್ಲ. "ಸಾಯೂ ಮುಂದ ಸಾವಕಾರ್ರು ಹೇಳಿ ಹೋಗ್ಯಾರ" ಎಂದು ಯರಗಟ್ಟಿಯ ಶೆಡ್ ಕಟ್ಟಿಸಿದೆ. ಸತ್ತವರ ಹುಕುಮಿನಿಂದ ಗಿರಣಿ ಬೆಳೆಯಿತು. ನೀಲಕ್ಕನವರು ಎಲ್ಲದಕ್ಕೂ ಹೂಂ ಅಂದರು. ಆದರೆ ಕಡೆಯ ತನಕ ನನ್ನ ಮುಂದೆ ಒಂದು ಮಾತನ್ನೂ ಪೂರಾ ಆಡಲಿಲ್ಲ. ನಾನು ಪಡಸಾಲೆಯಲ್ಲಿ ಮಾತಾಡಿದರೆ ಒಳಗಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಯಾಕೆಂದು ಬಹಳ ದಿನ ತಿಳಿಯಲಿಲ್ಲ. ಒಮ್ಮೆ ನನ್ನ ಹೆಂಡತಿಯೇ ಹೇಳಿದಳು: "ನಿಮ್ಮ ದನಿ ಯಾಕೋ ಬ್ಯಾರೆ ಆಗೇತಿ. ಅತ್ತ ಕಡೆಯಿಂದ ಕೇಳಿದ್ರ ಯಾರೋ ಅನಿಸ್ತೈತಿ."

ಹುಡುಗರನ್ನು ಹಿಂದಕ್ಕೆ ಕಳಿಸಿದ ಮರುದಿನ ಬಸ್ಸು ಹತ್ತಿ ಹೂಲಿಗೆ ಹೋದೆ. ಹಳೆಯ ಗುಡಿಗಳ ಹಿಂದೆ ಯಲ್ಲಪ್ಪನ ತಂಗಿಯ ಮನೆ. ಗಿರಣಿ ಬಿಟ್ಟ ಮೇಲೆ ಅಲ್ಲೇ ಹೊಲದ ಕೆಲಸ ಮಾಡಿಕೊಂಡಿದ್ದ. ಬಹಳ ಮುದುಕನಾಗಿದ್ದ, ಆದರೂ ನೋಡಿದೊಡನೆ ಗುರುತಿಸಿದ. "ಬರ್ರಿ ಮ್ಯಾನೇಜರ್ರ, ಕುಂದರ್ರಿ. ಚಾ ಮಾಡಸ್ತೇನಿ" ಎಂದ.

ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಒಂದೂ ಮುಚ್ಚದೆ.

ಯಲ್ಲಪ್ಪ ಕೇಳಿಸಿಕೊಂಡು ನಕ್ಕ. ಕನಿಕರದ ನಗೆ. "ನನ್ನ ಕಿವಿಲೆ ಕೇಳೇನ್ರಿ ನಾ. ಯಲ್ಲ್ಯಾ ಅಂದ್ರು ಅವರು. ಮತ್ಯಾರಿಗೆ ಬರ್ತೈತ್ರಿ ಅದು? ಸತ್ತವ್ರ ಹೆಸರು ಕೆಡಬಾರದಂತ ನೀವು ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕ ಹತ್ತೀರಿ. ದೊಡ್ಡ ಮನಸು ನಿಮ್ದು."

ಇದನ್ನು ನಾನು ಎಣಿಸಿರಲಿಲ್ಲ. ಬೈಯುತ್ತಾನೆ, ಹೊಡೆಯಲು ಬರುತ್ತಾನೆ ಎಂದುಕೊಂಡಿದ್ದೆ. ನಂಬುವುದೇ ಇಲ್ಲ ಎಂದುಕೊಂಡಿರಲಿಲ್ಲ. ಮತ್ತೆ ಮತ್ತೆ ಹೇಳಿದೆ. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಸುಮ್ಮನೆ ಎದ್ದು ಬರಬಹುದಿತ್ತು. ಅವನ ಕಣ್ಣಿನಲ್ಲಿ ದೊಡ್ಡ ಮನಸ್ಸಿನವನಾಗಿಯೇ ಉಳಿಯಬಹುದಿತ್ತು. ಹಾಗೆ ಬರುವ ಆಸೆಯೂ ಒಂದು ಕ್ಷಣ ಆಯಿತು.

ಕಣ್ಣು ಮುಚ್ಚಿ ಬಾಯಿ ತೆರೆದೆ. "ಯಲ್ಲ್ಯಾ..."

ದನಿ ಮುಪ್ಪಾಗಿರಲಿಲ್ಲ. ನಾನು ಅದನ್ನು ಕರೆಯಬೇಕಾಗಿಯೂ ಇರಲಿಲ್ಲ; ಕಾದು ಕೂತಿದ್ದ ಹಾಗೆ ಬಂತು. ಕಣ್ಣು ತೆರೆದಾಗ ಯಲ್ಲಪ್ಪ ಎದ್ದು ನಿಂತಿದ್ದ. ಹೆಗಲ ಟವೆಲು ತೋಳಿಗೆ ಇಳಿದಿತ್ತು. ಒಳಗಿನಿಂದ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದು, "ಮತ್ತ ಯಾರು ಬಂದಾರ್ರಿ ಮಾವಾ?" ಎಂದು ಅತ್ತಿತ್ತ ನೋಡಿದಳು.

ಅವನು ಗೋಡೆ ಹಿಡಿದು ಮೆಲ್ಲಗೆ ಕೂತ. ಆಮೇಲೆ ಕೇಳಿದ: "ಅವಾಗ ಸಾವಕಾರ್ರು ಒಳಗ ಇದ್ರೇನು?"

"ಇದ್ರು."

"ಎಲ್ಲಾ ಕೇಳಸ್ತಿತ್ತೇನು ಅವರಿಗೆ?"

"ಕೇಳಸ್ತಿತ್ತು. ಏಳಾಕ ಒದ್ದಾಡಿದ್ರು. ನಿನ್ನ ಕರಿ ಅಂತ."

ಆಗ ಅತ್ತ. ತನಗಾಗಿ ಅಲ್ಲ. "ಮಣ್ಣಿಗಿ ಬಂದಿದ್ನಿರಿ ನಾ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಮಟ ಬಂದಿದ್ನಿ. ಮಾರಿ ತೋರಸಬ್ಯಾಡ ಅಂದಾರಲ್ಲ, ಸತ್ತರ ಏನಾತು, ಮಾತು ಮಾತ ಅಲ್ಲೇನು ಅಂತ ತಿರುಗಿ ಬಂದ್ನಿ. ಇಷ್ಟು ವರ್ಷ ಅವರಿಗೆ ಬೈದೇನ್ರಿ ಮನಸಿನ್ಯಾಗ. ದಿನಾ ಬೈದೇನಿ."

ಕ್ಷಮಿಸು ಎಂದು ಕೇಳುವುದಕ್ಕೇ ಹೋಗಿದ್ದೆ. ಕೇಳಲಿಲ್ಲ. ನಾನು ಕಸಿದದ್ದು ಅವನ ಕೆಲಸ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದು ಬಹಳ ಸಣ್ಣದು ಎಂದು ಅಲ್ಲಿ ಕೂತಾಗ ತಿಳಿಯಿತು.

ಕಣ್ಣೊರೆಸಿಕೊಂಡು ಅವನೇ ಹೇಳಿದ: "ಎಲ್ಲಿ ಮಣ್ಣು ಮಾಡ್ಯಾರ ತೋರಸ್ರಿ. ಈಗ ಹೋಗೂಣು."

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ಸಾವಕಾರರ ಹೊಲದ ಬದುವಿನ ಹತ್ತಿರ ಇಳಿದಾಗ, ಗದ್ದಿಗೆಯ ಕಡೆ ಕೈ ಮಾಡಿ ತೋರಿಸಿದೆ. ಮುಂದೆ ಹೆಜ್ಜೆ ಇಟ್ಟೆ. ಯಲ್ಲಪ್ಪ ಕೈ ಅಡ್ಡ ಹಿಡಿದ. "ನೀವು ಇಲ್ಲೇ ನಿಂದರ್ರಿ" ಎಂದ. ಸಿಟ್ಟಿನಿಂದಲ್ಲ.

ಅವನು ಒಬ್ಬನೇ ಹೋದ. ಗದ್ದಿಗೆಯ ಮುಂದೆ ನಿಂತು ಟವೆಲು ಸರಿಮಾಡಿಕೊಂಡ. ಬಾಗಿ ಒಂದು ಹಿಡಿ ಮಣ್ಣು ಎತ್ತಿ ಹಾಕಿದ. ಆಮೇಲೆ ಕೂತುಕೊಂಡು ಏನೋ ಹೇಳತೊಡಗಿದ. ನಡುನಡುವೆ ನಿಲ್ಲಿಸುತ್ತಿದ್ದ, ತಲೆ ತುಸು ವಾರೆ ಮಾಡುತ್ತಿದ್ದ, ಹೂಂ ಅನ್ನುತ್ತಿದ್ದ, ಮತ್ತೆ ಹೇಳುತ್ತಿದ್ದ. ಗಾಳಿ ಆ ಕಡೆಗೆ ಬೀಸುತ್ತಿತ್ತು. ಒಂದು ಮಾತೂ ನನ್ನ ತನಕ ಬರಲಿಲ್ಲ. ನಾನು ಬದುವಿನ ಮೇಲೆ, ಬಾಯಿ ಮುಚ್ಚಿಕೊಂಡು, ಅವನು ಮುಗಿಸುವ ತನಕ ನಿಂತಿದ್ದೆ.