ನೆಲದಡಿಯ ಬಂಡೆ

ಅಕ್ಕಾ, ನಮ್ಮ ಸೈಟಿನ ಕೆಳಗೆ ಬಂಡೆಯಿದೆ, ಕೊರೆಯಲು ಆಗುವುದಿಲ್ಲವಂತೆ ಎಂದು ನಿನಗೆ ಹೇಳಿದ್ದೆನಲ್ಲ — ಅದು ಸುಳ್ಳು.

೨೦೦೬ರಲ್ಲಿ ಇಲ್ಲಿ, ಸಿಡ್ನಿಗಿಂತ ಚಳಿ ಹೆಚ್ಚಿರುವ ಪಾಯಿಂಟ್ ಕುಕ್‌ನಲ್ಲಿ, ಮನೆ ಕಟ್ಟಿಸುತ್ತಿದ್ದೆವು. ನಾನೂ ಸುಮಾಳೂ ಕೆಲಸಕ್ಕೆ ಹೋಗುವಂತಾಗಲೆಂದು ನೀನು ಧಾರವಾಡದ ಟೀಚರ್ ನೌಕರಿ ಬಿಟ್ಟು ಬಂದು ನಮ್ಮ ಅನಘಾಳನ್ನು ಸಾಕುತ್ತಿದ್ದೆ. ಬಾಡಿಗೆ ಮನೆಯ ಹೀಟರಿನ ಒಣಗಾಳಿಗೆ ನಿನಗೆ ಕೆಮ್ಮು. ಆರಿಸಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಭೂಮಿಯಾಳದ ಶಾಖವನ್ನು ಪೈಪಿನಲ್ಲಿ ಮೇಲೆ ತಂದು ನೆಲವನ್ನೇ ಬೆಚ್ಚಗಿಡಬಹುದಂತೆ ಎಂದು ಸುಮಾ ಹೇಳಿದಾಗ ನಿನ್ನ ಮುಖ ಅರಳಿತು. "ಆಗೂದಿದ್ರ ಹಾಕಸೋ, ರಾಘೂ." ನೀನು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಕೊರೆಯುವವನು ಬಂದು ನೋಡಿ, ಏನೂ ತೊಂದರೆಯಿಲ್ಲ ಎಂದ. ನೆಲಕ್ಕೆ ಕಾಂಕ್ರೀಟ್ ಸುರಿಯುವ ಮೊದಲೇ ಪೈಪು ಅದರೊಳಗೆ ಹೋಗಬೇಕು, ವಾರದೊಳಗೆ ತಿಳಿಸಿ ಎಂದ. ಖರ್ಚು ದೊಡ್ಡದಿತ್ತು. ಆದರೆ ಮಾರ್ಟ್‌ಗೇಜ್ ಹೆಚ್ಚಿಸಲು ಬ್ಯಾಂಕಿನವರು ಒಪ್ಪಿದ್ದರು — ನನ್ನಿಂದ ಆಗುತ್ತಿತ್ತು.

ಕಾಗದ ಹಿಡಿದು ಕೂತೆ. ಗ್ಯಾಸ್ ಬಿಲ್ಲಿನ ಉಳಿತಾಯದಿಂದ ಹಾಕಿದ ಹಣ ವಾಪಸಾಗಲು ಹದಿನೈದು ವರ್ಷ. ಅದರ ಪಕ್ಕದಲ್ಲಿ — ಹೇಗೆ ಹೇಳಲಿ — ನಿನ್ನ ವಯಸ್ಸು ಬರೆದೆ. ಅಷ್ಟು ವರ್ಷ ಅಕ್ಕ ನಮ್ಮೊಂದಿಗಿರುತ್ತಾಳೆಯೇ? ಅಷ್ಟು ವರ್ಷ ಅವಳು —

ಸುಮಾ ಅದನ್ನು ನೋಡಿದಳು. "ಇದೇನ್ರೀ ಇದು?" ಎಂದಳು. ಆಮೇಲೆ, "ಹಾಕ್ಸಲ್ಲ ಅಂತ ಅಕ್ಕಂಗೆ ನೀವೇ ಹೇಳಿ. ನನ್ ಕೈಲಿ ಆಗಲ್ಲ."

ನಾನೇ ಹೇಳಿದೆ, ಬಂಡೆಯ ಕಥೆಯನ್ನು. ನೀನು ನನ್ನ ಬೆನ್ನು ಸವರಿ, "ಭೂಮೀನ ಒಲ್ಲೆ ಅಂದ್ರ ನೀ ಏನ್ ಮಾಡ್ತಿ? ಬಿಡು," ಎಂದೆ. ಅದೇ ವರ್ಷ ಹೊಸ ಕಾರು ಕೊಂಡೆ — ಅದಕ್ಕೆ ಯಾವ ಲೆಕ್ಕವನ್ನೂ ಹಾಕಲಿಲ್ಲ.

ಹೊಸ ಮನೆಯಲ್ಲಿ ನೀನು ಎರಡು ಚಳಿಗಾಲ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಗೋಡೆ ಹಿಡಿದು ನಡೆದೆ. ಆಮೇಲೆ ಚಳಿ ಕಡಿಮೆಯೆಂದು ಸಿಡ್ನಿಗೆ, ನಮ್ಮ ಕಿರಿಯ ತಮ್ಮ ವಿನಾಯಕನ ಮನೆಗೆ ಹೊರಟುಹೋದೆ. ಅನಘಾ ವಾರಗಟ್ಟಲೆ ನಿನ್ನ ಹಾಸಿಗೆಯಲ್ಲೇ ಮಲಗಿದಳು. "ವೆನ್ ಈಸ್ ಅತ್ತೆ ಕಮಿಂಗ್ ಬ್ಯಾಕ್?" ಎಂದು ಕೇಳುತ್ತಿದ್ದಳು. ನಾನು ಹವಾಮಾನವನ್ನು ದೂರುತ್ತಿದ್ದೆ.

ವಿನಾಯಕನ ಗೃಹಪ್ರವೇಶದಲ್ಲಿ ಬಂದವರಿಗೆಲ್ಲ ನೀನು ಹೇಳುತ್ತಿದ್ದೆ: "ನಮ್ಮ ರಾಘು ನನ್ನ ಸಲುವಾಗಿ ಭಾಳ ಒದ್ದಾಡಿದಾ." ನಾನು ತಟ್ಟೆಯಿಂದ ತಲೆಯೆತ್ತಲಿಲ್ಲ. ಆಗಲೇ ಹೇಳಬಹುದಿತ್ತು. ಆಮೇಲೂ ಎಷ್ಟೋ ಸಲ — ಹೇಳಲಿಲ್ಲ.

ಈ ಶನಿವಾರ ಅನಘಾಳನ್ನು ಕರೆದುಕೊಂಡು ಸಿಡ್ನಿಗೆ ಬರುತ್ತಿದ್ದೇನೆ. ಇಲ್ಲಿ ಬರೆದದ್ದನ್ನೇ ಅವಳೆದುರು, ವಿನಾಯಕನೆದುರು ಬಾಯಿಬಿಟ್ಟು ಹೇಳುತ್ತೇನೆ. ಒಂದೇ ಬೇಡಿಕೆ, ಅಕ್ಕಾ — ಆಗ ನನ್ನನ್ನು ಸಮಾಧಾನ ಮಾಡಬೇಡ.